ಮಳೆಯಿಲ್ಲದ ತಿಂಗಳಲ್ಲಿ ಡೆಂಗಿ: ಎರಡು ಸಲ ಮಾಡಿದ ಒಂದು ಪಾಠ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ನಾನು ಆರಿಸಿಕೊಂಡ ಪಾಠಾಂಶ ‘ಹವಾಮಾನ ಮತ್ತು ಸೊಳ್ಳೆಯಿಂದ ಹರಡುವ ರೋಗಗಳು’. ಶಾಲೆ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿದೆ. ಅಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಈ ಎರಡನೇ ಸಂಗತಿಯನ್ನು ನಾನು ಪಾಠಯೋಜನೆಯಲ್ಲಿ ಎಲ್ಲಿಯೂ ಬರೆದುಕೊಂಡಿರಲಿಲ್ಲ.

ಪ್ರೇರಣೆ ಸುಲಭವಾಯಿತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದು, ಮನೆಯಲ್ಲಿ ಲಾರ್ವಾ ಬೆಳೆಯಲು ಬಿಟ್ಟವರಿಗೆ ದಂಡವೆಂದು ಹೇಳಿದ್ದು ಮಕ್ಕಳಿಗೆ ಗೊತ್ತಿತ್ತು. ನಾನು ಕಪ್ಪುಹಲಗೆಯ ಮೇಲೆ ಬಾಣ ಎಳೆಯುತ್ತ ಹೋದೆ: ಮಳೆ ಹೆಚ್ಚಾದರೆ ನಿಂತ ನೀರು ಹೆಚ್ಚು, ನಿಂತ ನೀರು ಹೆಚ್ಚಾದರೆ ಸೊಳ್ಳೆ ಹೆಚ್ಚು, ಸೊಳ್ಳೆ ಹೆಚ್ಚಾದರೆ ರೋಗ ಹೆಚ್ಚು. ಆಗ ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು.

“ಟೀಚರ್, ನಮ್ಮವ್ವಗ ಡೆಂಗಿ ಬಂದಿದ್ದು ಬ್ಯಾಸಿಗ್ಯಾಗ ರೀ. ಆವಾಗ ಮಳಿ ಎಲ್ಲಿತ್ತರಿ?”

“ಅದು ಅಪರೂಪ, ಕೂತ್ಕೋ” ಎಂದೆ. ಅವಳು ಕೂತಳು, ಪಾಠ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: “ವಿದ್ಯಾರ್ಥಿನಿಯ ಅನುಭವ ತಪ್ಪಲ್ಲ, ನಿಮ್ಮ ಬಾಣ ತಪ್ಪು. ಮರುಪಾಠ ಮಾಡಿ.”

ಎರಡು ಸಂಜೆ ಓದಿದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಮಳೆಯೇ ಬೇಕಿಲ್ಲ. ಮನೆಯ ಬ್ಯಾರಲ್, ಸಿಮೆಂಟಿನ ತೊಟ್ಟಿ, ಕೂಲರಿನ ತಳದಲ್ಲಿ ನಿಂತ ನೀರು ಸಾಕು. ಮಳೆ ಬಂದರೆ ಟೈರು, ತೆಂಗಿನ ಚಿಪ್ಪುಗಳಲ್ಲೂ ನೀರು ತುಂಬಿ ತಾವು ಹೆಚ್ಚುತ್ತವೆ ನಿಜ, ಆದರೆ ಜಡಿಮಳೆ ಲಾರ್ವಾಗಳನ್ನು ಕೊಚ್ಚಿಕೊಂಡೂ ಹೋಗಬಲ್ಲದು. ಬರ ಬಂದಾಗ ಜನ ನೀರು ಕೂಡಿಡುತ್ತಾರೆ, ಆಗ ಸೊಳ್ಳೆಯ ತಾವು ಮನೆಯೊಳಗೇ ಆಗುತ್ತದೆ. ಒಂದೇ ಬಾಣ ಎರಡೂ ದಿಕ್ಕಿಗೆ ತಿರುಗುತ್ತದೆ.

ನಾನು ಪೂರ್ತಿ ಬಿಟ್ಟುಬಿಟ್ಟಿದ್ದು ಉಷ್ಣಾಂಶ. ರೋಗಿಯ ರಕ್ತ ಕುಡಿದ ಸೊಳ್ಳೆ ಮರುದಿನವೇ ರೋಗ ಹರಡುವುದಿಲ್ಲ. ವೈರಸ್ ಅದರ ಹೊಟ್ಟೆಯಿಂದ ಲಾಲಾಗ್ರಂಥಿಗೆ ತಲುಪಬೇಕು. 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಸುಮಾರು 8ರಿಂದ 12 ದಿನ ಬೇಕು. ತಂಪಿದ್ದರೆ ಇನ್ನೂ ಹೆಚ್ಚು, ಸೆಕೆಯಿದ್ದರೆ ಕಡಿಮೆ. ಅಷ್ಟರೊಳಗೆ ಸೊಳ್ಳೆಯೇ ಸತ್ತರೆ ಕಥೆ ಮುಗಿಯಿತು. ಮಲೇರಿಯಾದಲ್ಲೂ ಹೀಗೆಯೇ: ಸುಮಾರು 16 ಡಿಗ್ರಿಗಿಂತ ಕೆಳಗೆ ವೈವಾಕ್ಸ್, 18ಕ್ಕಿಂತ ಕೆಳಗೆ ಫಾಲ್ಸಿಪೇರಮ್ ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಮರುಪಾಠಕ್ಕೆ ಗ್ರಾಫ್ ಹಾಳೆಯ ಪಟ್ಟಿಗಳನ್ನು ಕತ್ತರಿಸಿ ತಂದೆ. ಒಂದು ಚೌಕ ಒಂದು ದಿನ. ಸೊಳ್ಳೆಯ ಆಯುಸ್ಸು 20 ಚೌಕ (ಇದು ಚಟುವಟಿಕೆಗೆ ಇಟ್ಟುಕೊಂಡ ಸಂಖ್ಯೆ, ಮಕ್ಕಳಿಗೂ ಹಾಗೆಂದೇ ಹೇಳಿದೆ). ಮೂರನೇ ದಿನ ಅದು ರೋಗಿಯನ್ನು ಕಚ್ಚಿತು. ಅಲ್ಲಿಂದ ವೈರಸ್ಸಿನ 10 ಚೌಕದ ಪಟ್ಟಿ ಇಟ್ಟರೆ ಕೊನೆಯಲ್ಲಿ 7 ಚೌಕ ಉಳಿಯುತ್ತದೆ. ಆ ಏಳು ದಿನ ಅದು ಯಾರನ್ನು ಕಚ್ಚಿದರೂ ಅವರಿಗೆ ರೋಗ ತಗಲಬಹುದು. ಚಳಿಯ ದಿನಗಳಿಗೆಂದು 20 ಚೌಕದ ವೈರಸ್ ಪಟ್ಟಿ ಇಟ್ಟಾಗ ಅದು ಸೊಳ್ಳೆಯ ಪಟ್ಟಿಯನ್ನು ದಾಟಿ ಮೇಜಿನ ಮೇಲೆ ಚಾಚಿತು. “ಸೊಳ್ಳಿ ಮೊದಲ ಸತ್ತತ್ರಿ!” ಎಂದು ತರಗತಿಯೇ ಕೂಗಿತು. ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿದೆ. ಒಂದು ವಾರದ ಸೆಕೆ ಒಂದು ಪಟ್ಟಿಯನ್ನು ಬದಲಿಸುತ್ತದೆ. ತಂಪಾದ ಊರೊಂದರ ಸರಾಸರಿ ಉಷ್ಣಾಂಶ ವರ್ಷಾನುಗಟ್ಟಲೆ ಏರುತ್ತ ಹೋದರೆ, ಹೊರಗೆ ಚಾಚಿದ್ದ ಪಟ್ಟಿಗಳೆಲ್ಲ ಒಳಗೆ ಸೇರತೊಡಗುತ್ತವೆ.

ಬಿರುಬೇಸಿಗೆಗೆ ಸೊಳ್ಳೆಯ ಪಟ್ಟಿಯನ್ನೇ ಅರ್ಧಕ್ಕೆ ಕತ್ತರಿಸಲು ಹೊರಟೆ, ಏಕೆಂದರೆ ಒಣ ಬಿಸಿಲಿಗೆ ಸೊಳ್ಳೆ ಬೇಗ ಸಾಯುತ್ತದೆ. ಅದೇ ಹುಡುಗಿ ತಡೆದಳು: “ನಮ್ಮ ಬಚ್ಚಲದಾಗ ತಂಪ ಇರತೈತ್ರಿ ಟೀಚರ್, ಬ್ಯಾರಲ್ ಅಲ್ಲೇ ಐತಿ.” ಸರಿಯಾಗಿತ್ತು. ಹೊರಗಿನ ಬಿಸಿಲನ್ನಲ್ಲ, ಸೊಳ್ಳೆ ಕೂರುವ ಜಾಗದ ನೆರಳು, ತೇವವನ್ನು ಅಳೆಯಬೇಕು. ಕತ್ತರಿ ಕೆಳಗಿಟ್ಟೆ. ಅವಳೇ ಬಂದು ಇಡೀ 20 ಚೌಕದ ಮೇಲೆ 10 ಚೌಕದ ಪಟ್ಟಿ ಇಟ್ಟಳು. ಮಳೆಯಿಲ್ಲದ ಏಪ್ರಿಲ್‌ನಲ್ಲಿ ಅವಳವ್ವನಿಗೆ ಜ್ವರ ಹೇಗೆ ಬಂದಿರಬಹುದೆಂಬುದು ಮೇಜಿನ ಮೇಲಿತ್ತು.

ಕೊನೆಗೆ ರೊನಾಲ್ಡ್ ರಾಸ್ ಕಥೆ ಹೇಳಿದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ ಇವರು, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ನೋಡಿ, ನೀರು ಚೆಲ್ಲಿಸಿ ಕಾಟ ತಗ್ಗಿಸಿದ್ದರು.

“ಚೆಲ್ಲಿದ್ರ ಎಂಟ ದಿನ ನೀರ ಯಾರ ಕೊಡ್ತಾರ್ರಿ?” ಎಂದಳು ಆಕೆ.

ಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಕ್ಕಳನ್ನೇ ಲೆಕ್ಕಕ್ಕೆ ಹಚ್ಚಿದೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ, ನಳ ಬರುವುದು 8 ದಿನಕ್ಕೊಮ್ಮೆ. ಹಳೆಯ ನೀರಿನ ಮೇಲೆಯೇ ಹೊಸ ನೀರು ಬಿಟ್ಟರೆ ಸೊಳ್ಳೆಗೆ ಬೇಕಾದಷ್ಟು ಸಮಯ. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ, ಹಾಗಾಗಿ ಖಾಲಿ ಮಾಡಿದರಷ್ಟೇ ಸಾಲದು. ತರಗತಿ ತೀರ್ಮಾನಿಸಿದ್ದು ಇಷ್ಟು: ನಳ ಬರುವ ದಿನ ಬೆಳಗ್ಗೆ, ತಳದಲ್ಲಿ ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ತೆಗೆದು, ಬ್ಯಾರಲ್ಲಿನ ಒಳಗೋಡೆ ತಿಕ್ಕಿ ತೊಳೆದು, ತುಂಬಿದ ಮೇಲೆ ಬಾಯಿಗೆ ಬಟ್ಟೆ ಬಿಗಿದು ಕಟ್ಟುವುದು.

ಮೌಲ್ಯಮಾಪನದ ಪ್ರಶ್ನೆಯನ್ನೂ ಬದಲಿಸಿದ್ದೇನೆ. ಮೊದಲು ‘ಮಳೆಗಾಲದಲ್ಲಿ ಡೆಂಗಿ ಏಕೆ ಹೆಚ್ಚುತ್ತದೆ?’ ಎಂದಿತ್ತು. ಈಗ: ‘ಒಂದು ಊರಿನಲ್ಲಿ ಎರಡು ತಿಂಗಳಿಂದ ಮಳೆಯಿಲ್ಲ. ಅಲ್ಲಿ ಡೆಂಗಿ ಬರಬಹುದೇ? ಉತ್ತರಿಸುವ ಮೊದಲು ಆ ಊರಿನ ಬಗ್ಗೆ ನೀವು ಕೇಳಬೇಕಾದ ಮೂರು ಪ್ರಶ್ನೆ ಬರೆಯಿರಿ.’