ಉಳವಿಯ ಮಾತು ಬೇರೆ, ಟ್ರೇಲರಿನ ಮಾತು ಬೇರೆ

ಅಕ್ಕಾ, ನನ್ನ ತವರು ಹುಮನಾಬಾದ್, ಕೊಟ್ಟ ಮನೆ ಬಸವಕಲ್ಯಾಣ. ನಮ್ಮ ಮನೆಯವರದು ಲಾರಿ ಬಿಡಿಭಾಗಗಳ ಅಂಗಡಿ. ಗೆಳೆಯರೊಬ್ಬರ ವರ್ಕ್‌ಶಾಪಿನಲ್ಲಿ ಎರಡು ಗಾಲಿಯ ಟ್ರೇಲರ್ ಕಟ್ಟಿಸಿದ್ದಾರೆ. ಒಳಗೆ ಮಲಗಲು ಜಾಗ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಎಲ್ಲ ಇದೆ. ಅದನ್ನು ನಮ್ಮ ಬೊಲೆರೊ ಹಿಂದೆ ಜೋಡಿಸಿ ಫೆಬ್ರವರಿಯಲ್ಲಿ ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕೂಡಲಸಂಗಮ, ಧಾರವಾಡದ ಮೇಲೆ ಉಳವಿಗೆ ಹೋಗೋಣ ಅಂತ ಹಟ ಹಿಡಿದಿದ್ದಾರೆ. ಅತ್ತೆಗೆ 70 ದಾಟಿದೆ, ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಆದರೂ ಉಳವಿ ಚನ್ನಬಸವಣ್ಣನ ದರ್ಶನ ಮಾಡಬೇಕು ಎನ್ನುವುದು ಅವರ ಬಹು ದಿನದ ಆಸೆ. ನನ್ನ ಸೋದರಮಾವನ ಮಗ ರಾತ್ರಿ ಹೊತ್ತು ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಗುದ್ದಿ ತೀರಿಕೊಂಡ. ಅಂದಿನಿಂದ ಟ್ರೇಲರ್ ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬೇಡ ಅಂದರೆ, "ನಮ್ಮವ್ವನ ಆಸೆಗೆ ನೀನೇ ಅಡ್ಡ" ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಬಸವಕಲ್ಯಾಣ

ತಂಗಿ, ಶರಣು.

ನಿನ್ನ ಪತ್ರದಲ್ಲಿ ಎರಡು ಆಸೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಉಳವಿ ನೋಡಬೇಕು ಎನ್ನುವುದು ನಿನ್ನ ಅತ್ತೆಯ ಆಸೆ. ತಾನು ಕಟ್ಟಿಸಿದ ಟ್ರೇಲರಿನಲ್ಲಿ ಮನೆಮಂದಿಯನ್ನೆಲ್ಲ ಕರೆದೊಯ್ಯಬೇಕು ಎನ್ನುವುದು ನಿನ್ನ ಯಜಮಾನರ ಆಸೆ. ನಿನಗೆ ಭಯವಿರುವುದು ಎರಡನೆಯದರ ಬಗ್ಗೆ ಮಾತ್ರ. ಆದರೆ ನೀನು "ಬೇಡ" ಅಂದಾಗ ಅದು ಎರಡಕ್ಕೂ ತಗಲುತ್ತದೆ. ಅದಕ್ಕೇ ನಿನ್ನ ಮೇಲೆ ಆ ಮಾತು ಬಂದಿದೆ. ಮೊದಲು ಅತ್ತೆಯ ಎದುರಿಗೇ ಹೇಳಿಬಿಡು: "ಅತ್ತೀ, ಉಳವಿಗೆ ಹೋಗೋದು ಖರೆ. ಹ್ಯಾಂಗ ಹೋಗೋದು ಅನ್ನೋದನ್ನ ಕೂತು ಮಾತಾಡೋಣ." ಅಷ್ಟಾದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಅತ್ತೆಯ ಆಸೆ ಸಣ್ಣದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ರಕ್ತಪಾತವಾದಾಗ ಶರಣರು ಚನ್ನಬಸವಣ್ಣನ ಮುಂದಾಳತ್ವದಲ್ಲಿ ವಚನದ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯತ್ತ ನಡೆದರು ಎಂಬುದು ನಮ್ಮವರೆಲ್ಲ ನಂಬಿಕೊಂಡು ಬಂದ ಮಾತು. ಕಲ್ಯಾಣದ ಹೆಣ್ಣುಮಗಳಿಗೆ ಆ ದಾರಿ ಹಿಡಿಯಬೇಕು ಅನ್ನಿಸುವುದು ಸಹಜ. ಹೋಗುವಾಗ ಮನೆಯನ್ನೇ ಹೊತ್ತು ಹೋಗುವುದೂ ಹೊಸದೇನಲ್ಲ. ಮಾಘದ ಉಳವಿ ಜಾತ್ರೆಗೆ ಬೆಳಗಾವಿ, ಧಾರವಾಡ ಸೀಮೆಯ ರೈತರು ಇಂದಿಗೂ ಸವಾರಿ ಬಂಡಿ ಕಟ್ಟಿಕೊಂಡು, ಬುತ್ತಿ, ಹಾಸಿಗೆ, ಎತ್ತಿನ ಮೇವು ಸಮೇತ ದಿನಗಟ್ಟಲೆ ಹಾದಿ ಸವೆಸುತ್ತಾರೆ. ನಿನ್ನ ಯಜಮಾನರ ಕನಸಿಗೆ ಇಂಥ ಬೇರಿದೆ. ಇದನ್ನು ನೀನೇ ಅವರಿಗೆ ಹೇಳಿದರೆ, ಮುಂದೆ ನೀನು ಹಾಕುವ ಷರತ್ತುಗಳನ್ನು ಅವರು ಕಿವಿಗೊಟ್ಟು ಕೇಳುತ್ತಾರೆ.

ಈಗ ಷರತ್ತುಗಳು. ಇವನ್ನು ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಕೂತು ಓದಿ.

ಮೊದಲನೆಯದು ಕಾಗದಪತ್ರ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ ಇಲ್ಲದೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ. ಟ್ರೇಲರಿನ ಕೊಂಡಿ ಕೂರಿಸಲೆಂದು, ತಯಾರಕರು ಕೊಟ್ಟ ಬೊಲೆರೊದ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸುವುದಕ್ಕೂ ಅದೇ ಕಾಯ್ದೆಯಲ್ಲಿ ತಡೆ ಇದೆ. ವರ್ಕ್‌ಶಾಪಿನಲ್ಲಿ ಕಟ್ಟಿದ್ದು ಎಷ್ಟೇ ಗಟ್ಟಿಯಾಗಿರಲಿ, ಕಾಗದ ಸರಿ ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಕೆಎ 56 ನಂಬರು ಕೊಡುವ ಕಚೇರಿ ನಿಮ್ಮ ಊರಲ್ಲೇ ಇದೆ. ಇಬ್ಬರೂ ಹೋಗಿ ಈ ಟ್ರೇಲರಿಗೆ ಅನುಮತಿ ಸಿಗುತ್ತದೆಯೇ ಎಂದು ನೇರವಾಗಿ ಕೇಳಿ. ಆಮೇಲೆ ವಿಮಾ ಕಂಪನಿಯಿಂದ ಬರಹದಲ್ಲೇ ಉತ್ತರ ತನ್ನಿ. ಎರಡರಲ್ಲಿ ಒಂದು ಕಡೆ "ಆಗುವುದಿಲ್ಲ" ಅಂದರೂ ಟ್ರೇಲರ್ ಮನೆಯಲ್ಲೇ ಉಳಿಯಲಿ. ಇದರ ಮೇಲೆ ಮರುವಾದ ಬೇಡ.

ಎರಡನೆಯದು ಭಾರ. ಹಿಂದೆ ಹೆಚ್ಚು ಭಾರ ಹಾಕಿದ ಟ್ರೇಲರ್ ವೇಗದಲ್ಲಿ ಬಾಲ ಬೀಸಿದಂತೆ ಎಡಬಲಕ್ಕೆ ಓಲಾಡಿ, ಎಳೆಯುವ ಗಾಡಿಯನ್ನೇ ಅಡ್ಡ ತಿರುಗಿಸಬಲ್ಲದು. ನೀರು, ಸಿಲಿಂಡರ್, ದಿನಸಿ ಎಲ್ಲ ಅಚ್ಚಿನ ಮೇಲೆ, ಇಲ್ಲವೆ ಅದಕ್ಕಿಂತ ತುಸು ಮುಂದೆ ಇರಬೇಕು. ತುಂಬಿದ ಟ್ರೇಲರಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಬೀಳಬೇಕು. ಅಂದರೆ 600 ಕಿಲೊ ಟ್ರೇಲರಾದರೆ ಕೊಂಡಿಯ ಮೇಲೆ 60 ಕಿಲೊ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಇಲ್ಲವೆ ಖಾಲಿ ಬಿಡಿ. ಅರ್ಧ ನೀರಿದ್ದರೆ ಅದು ತುಳುಕಾಡಿ ಗಾಡಿಯನ್ನು ಜಗ್ಗುತ್ತದೆ. ಓಲಾಟ ಶುರುವಾದರೆ ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ದಡಕ್ಕನೆ ಬ್ರೇಕ್ ಒತ್ತಬಾರದು. ಲಾರಿ ಮಂದಿಯ ಜೊತೆ ಬೆಳೆದವರಿಗೆ ಇದೆಲ್ಲ ಗೊತ್ತಿರಬಹುದು. ಆದರೂ ಬಸವಕಲ್ಯಾಣದಿಂದ ಹುಮನಾಬಾದಿಗೆ, ನಿನ್ನ ತವರಿಗೆ, ತುಂಬಿದ ಟ್ರೇಲರ್ ಎಳೆದುಕೊಂಡು ಹಗಲಲ್ಲಿ ಒಮ್ಮೆ ಹೋಗಿ ಬನ್ನಿ. ರಿವರ್ಸ್ ತೆಗೆಯುವುದನ್ನು ಯಜಮಾನರು ಖಾಲಿ ಮೈದಾನದಲ್ಲಿ ಕಲಿಯಲಿ. ಗಾಡಿ ಓಡುವಾಗ ಟ್ರೇಲರಿನೊಳಗೆ ಯಾರೂ ಇರಬಾರದು. ಮಕ್ಕಳು ಎಷ್ಟೇ ಕಾಡಿದರೂ, ಅತ್ತೆಗೆ ಕಾಲು ಚಾಚಬೇಕೆನಿಸಿದರೂ ಇದಕ್ಕೆ ವಿನಾಯಿತಿ ಇಲ್ಲ.

ಮೂರನೆಯದು ರಾತ್ರಿ. ನಿನ್ನ ಭಯದ ಬೇರು ಇಲ್ಲಿದೆ, ಅದು ಸುಳ್ಳು ಭಯವಲ್ಲ. ಫೆಬ್ರವರಿಯಲ್ಲಿ ಕಬ್ಬು ನುರಿಸುವ ಕಾಲ ಇನ್ನೂ ಮುಗಿದಿರುವುದಿಲ್ಲ. ಕಲಬುರಗಿ, ವಿಜಯಪುರ, ಬಾಗಲಕೋಟೆ ಮೂರೂ ಜಿಲ್ಲೆಗಳ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಜೋಡಿ ಟ್ರೇಲರುಗಳು ಎದುರಾಗುತ್ತವೆ. ಜೋಳದ ರಾಶಿಯ ಸಮಯವೂ ಅದೇ. ಎಷ್ಟೋ ಹಳ್ಳಿಗಳಲ್ಲಿ ಡಾಂಬರು ರಸ್ತೆಯೇ ಕಣವಾಗಿರುತ್ತದೆ. ಹೊತ್ತು ಮುಳುಗುವ ಮುಂಚೆ ಗಾಡಿ ನಿಲ್ಲಬೇಕು, ಬೆಳಕು ಹರಿದ ಮೇಲೆಯೇ ಹೊರಡಬೇಕು. ನಿಮ್ಮ ಟ್ರೇಲರಿನ ಹಿಂದೆಯೂ ಬ್ರೇಕ್ ದೀಪ, ಇಂಡಿಕೇಟರ್, ಕೆಂಪು ರಿಫ್ಲೆಕ್ಟರ್ ಇರಲಿ. ನಿಮ್ಮ ಮನೆಗೆ ಬಂದ ದುಃಖ ನಿಮ್ಮಿಂದ ಇನ್ನೊಂದು ಮನೆಗೆ ಹೋಗಬಾರದಲ್ಲ.

ನಾಲ್ಕನೆಯದು ಅತ್ತೆಯ ದೇಹ. ಈ ಪ್ರಯಾಣದ ವೇಗವನ್ನು ಅವರ ಮೊಣಕಾಲು ನಿರ್ಧರಿಸಲಿ. ಹುಮನಾಬಾದಿನ ಮೇಲೆ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಮೊದಲ ದಿನ ಕಲಬುರಗಿಗೆ ನಿಲ್ಲಿ. ಎರಡನೆಯ ದಿನ ವಿಜಯಪುರ, ಮೂರನೆಯ ದಿನ ಕೂಡಲಸಂಗಮ, ನಾಲ್ಕನೆಯ ದಿನ ಧಾರವಾಡ. ಎರಡು ತಾಸಿಗೊಮ್ಮೆ ಅವರನ್ನು ಇಳಿಸಿ ನಡೆಸು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಆಗಬೇಕು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಬಿಸಿಲಿಗೆ ನಿಂತ ಗಾಡಿಯಲ್ಲಿ ಅದನ್ನು ಬಿಡಬೇಡ. ಹಗಲು ಆಗಲೇ ಬಿಸಿಲು ಏರಿರುತ್ತದೆ, ರಾತ್ರಿ ಇನ್ನೂ ಚಳಿ ಇರುತ್ತದೆ. ಆ ಚಳಿಗೆಂದು ಮುಚ್ಚಿದ ಟ್ರೇಲರಿನಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಬೇಡಿ, ಗ್ಯಾಸ್ ಒಲೆಯನ್ನೂ ಹಚ್ಚಬೇಡಿ. ಅವುಗಳಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕಂಬಳಿ ಹೆಚ್ಚು ಒಯ್ಯಿರಿ, ಅಡುಗೆ ಹೊರಗೆ ಆಗಲಿ.

ಇನ್ನೊಂದು ಮಾತನ್ನು ನೀನು ಬರೆದಿಲ್ಲ, ಆದರೂ ಕೇಳುತ್ತೇನೆ. ಈ ಪ್ರವಾಸದಲ್ಲಿ ರೊಟ್ಟಿ ಬಡಿಯುವವರು, ಪಾತ್ರೆ ತೊಳೆಯುವವರು, ರಾತ್ರಿ ಅತ್ತೆಯನ್ನು ಶೌಚಾಲಯಕ್ಕೆ ಕರೆದೊಯ್ಯುವವರು ಯಾರು? ಎಲ್ಲವೂ ನಿನ್ನ ಪಾಲಿಗೇ ಬಂದರೆ ಮನೆಗೆಲಸವೇ ನಿನ್ನ ಬೆನ್ನು ಹತ್ತಿ ಉಳವಿಯವರೆಗೆ ಬರುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ. ಮಧ್ಯಾಹ್ನ ಖಾನಾವಳಿಯಲ್ಲಿ ಊಟ ಮಾಡಿ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿಯಾದರೂ ಸ್ನಾನಕ್ಕೆ ಬಿಸಿನೀರು ಇರುವ ಕೋಣೆ ಹಿಡಿಯಿರಿ. ವಿಜಯಪುರದಲ್ಲಿ ಸರ್ಕಾರಿ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲ್ ಇದೆ, ಕೂಡಲಸಂಗಮದಲ್ಲಿ ಯಾತ್ರಿಕರಿಗೆ ಉಳಿಯಲು ವ್ಯವಸ್ಥೆ ಇದೆ. ಟ್ರೇಲರ್ ನಿಲ್ಲಿಸಲು ಜಾಗ ಕೊಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಮಕ್ಕಳ ವಾರ್ಷಿಕ ಪರೀಕ್ಷೆಯ ದಿನಗಳನ್ನೂ ಶಾಲೆಯಲ್ಲಿ ವಿಚಾರಿಸಿಕೊಂಡೇ ತಾರೀಖು ಹಾಕಿ.

ಕೊನೆಯ ಷರತ್ತು ಧಾರವಾಡದ್ದು. ಕಾಗದ ಎಲ್ಲ ಸರಿ ಇದ್ದರೂ ಟ್ರೇಲರ್ ಅಲ್ಲಿಂದ ಮುಂದೆ ಹೋಗಬಾರದು. ದಾಂಡೇಲಿ ದಾಟಿ ಉಳವಿಗೆ ಹೋಗುವ ಹಾದಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನದು. ಇಕ್ಕಟ್ಟು, ತಿರುವು ಬಹಳ. ಜಾತ್ರೆಯ ದಿನಗಳಲ್ಲಿ ಬಂಡಿಗಳ ಸಾಲು ಬೇರೆ. ಕಾಡಿನ ಬದಿಗೆ ಗಾಡಿ ನಿಲ್ಲಿಸಿ ಮಲಗುವುದು, ಒಲೆ ಹಚ್ಚುವುದು ಸಲ್ಲದು. ಅದು ಕಾಳ್ಗಿಚ್ಚು ಏಳುವ ಕಾಲ. ಧಾರವಾಡದಲ್ಲಿ ಪರಿಚಯದವರ ಅಂಗಳದಲ್ಲಿ ಟ್ರೇಲರ್ ಬಿಟ್ಟು, ಬೆಳಿಗ್ಗೆ ಬೊಲೆರೊದಲ್ಲಷ್ಟೇ ಹೊರಡಿ. ತೇರಿನ ದಿನದ ನೂಕುನುಗ್ಗಲು ಅತ್ತೆಯ ಕಾಲಿಗೆ ಆಗುವುದಿಲ್ಲ. ತೇರಿಗೆ ಒಂದು ವಾರ ಮೊದಲು ಅಥವಾ ಆಮೇಲೆ ಹೋದರೆ ದರ್ಶನ ನಿಧಾನವಾಗಿ ಆಗುತ್ತದೆ.

ನಿನ್ನ ಯಜಮಾನರು ಈ ಹಾಳೆಯನ್ನು ಒಪ್ಪಿದರೆ ನೀನೂ ಮನಸಾರೆ ಒಪ್ಪಿಕೊ. ಗಾಡಿ ಏರಿದ ಮೇಲೆ ಹಳೆಯ ಮಾತು ತೆಗೆಯಬೇಡ. ಅಷ್ಟೆಲ್ಲ ಆದ ಮೇಲೂ ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ, ಸೋದರಮಾವನ ಮಗನ ಸಾವಿನ ನೋವು ಇನ್ನೂ ಮಾಸಿಲ್ಲ ಎಂದೇ ತಿಳಿ. ಬೀದರಿನ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಒಮ್ಮೆ ಮಾತಾಡು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಿನ್ನ ಯಜಮಾನರು ಹಾಳೆಯನ್ನು ಒಪ್ಪದಿದ್ದರೆ ಅತ್ತೆಯನ್ನು ಕರೆದುಕೊಂಡು ಟ್ರೇಲರ್ ಇಲ್ಲದೆ ಬೊಲೆರೊದಲ್ಲಿ ಹೋಗಿ, ಅಥವಾ ಬಸ್ಸಿನಲ್ಲಿ ಹೋಗಿ. ಎಪ್ಪತ್ತು ದಾಟಿದವರ ದರ್ಶನವನ್ನು ಟ್ರೇಲರಿನ ಕಾಗದಕ್ಕಾಗಿ ಇನ್ನೊಂದು ವರ್ಷ ಮುಂದೂಡಬೇಡಿ.