ಹಾಡು ಬರುತ್ತದೆ, ಮಾತು ಬರುವುದಿಲ್ಲ

ನನಗೆ 46 ವರ್ಷ. ಬೆಟಗೇರಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ, ಮಾತು ಪೂರ್ತಿ ನಿಂತಿದೆ. ನನ್ನ ಹೆಸರು ಹಿಡಿದು ಕರೆಯಲೂ ಆಗುವುದಿಲ್ಲ. ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಚರ್ಚಿನ ಸಭೆಯವರು ಬಂದು ಪ್ರಾರ್ಥನೆ ಮಾಡಿ ಹೋಗುತ್ತಾರೆ. ಹೋಗುವಾಗ, ‘ಕಷ್ಟದಾಗೂ ನಗ್ತಿರಬೇಕವ್ವಾ, ಅಳೋದು ವಿಶ್ವಾಸ ಕಡಿಮಿ ಆದವರ ಲಕ್ಷಣ’ ಅನ್ನುತ್ತಾರೆ. ಬೆಳೆ ಕಾಣಿಕೆಯ ಭಾನುವಾರ ನಾನು ಎದ್ದು ನಿಂತು ಸಾಕ್ಷಿ ಹೇಳಬೇಕಂತೆ. ನನಗೆ ಹೇಳಲು ಏನೂ ಇಲ್ಲ. ಇನ್ನೊಂದು ಮಾತು. ಹೋದ ವಾರ ಮಗಳು ಪಾತ್ರೆ ತೊಳೆಯುತ್ತ ಚರ್ಚಿನ ಹಳೇ ಹಾಡೊಂದನ್ನು ಗುನುಗುತ್ತಿದ್ದಳು. ಹಾಸಿಗೆಯ ಮೇಲಿದ್ದ ಇವರು ಅದರ ಎರಡು ಸಾಲನ್ನು ಪದ ಸಮೇತ ಹಾಡಿಬಿಟ್ಟರು! ಶ್ರುತಿ ಎಲ್ಲೋ, ಇವರೆಲ್ಲೋ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಾನು ಒಳಗೆ ಹೋಗಿ ಅತ್ತೆ. ಇಂಥ ಮನೆಯಲ್ಲಿ ನಗಬಹುದೇ? ಅತ್ತರೆ ನಾನು ವಿಶ್ವಾಸಿ ಅಲ್ಲವೇ?
— ಒಬ್ಬ ಓದುಗಿ, ಗದಗ ಜಿಲ್ಲೆ

ತಂಗೀ, ಮೊದಲು ಆ ಹಾಡಿನ ವಿಷಯ. ಹೆಚ್ಚಿನವರಿಗೆ ಮಾತಿನ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿಗೆ ರಕ್ತ ನಿಂತರೆ ಬಲಗೈ, ಬಲಗಾಲಿನ ಜೊತೆ ಮಾತೂ ಹೋಗಬಹುದು. ಡಾಕ್ಟರು ಇದನ್ನು ಅಫೇಸಿಯಾ ಅನ್ನುತ್ತಾರೆ. ರಾಗಕ್ಕೆ ಮಿದುಳಿನ ಬಲಭಾಗದ ಆಸರೆಯೂ ಇದೆ. ಆದ್ದರಿಂದ ‘ನೀರು’ ಎಂದು ಕೇಳಲಾಗದವರ ಬಾಯಲ್ಲೂ ಚಿಕ್ಕಂದಿನಿಂದ ಹಾಡಿದ ಹಾಡು ಪದ ಸಮೇತ ಬಂದುಬಿಡುವುದುಂಟು. 1970ರ ದಶಕದಿಂದ ಇದನ್ನೇ ಹಿಡಿದು, ಮಾತನ್ನು ರಾಗದಲ್ಲಿ ಕಲಿಸುವ ಚಿಕಿತ್ಸೆ ನಡೆದಿದೆ. ಎಲ್ಲರಿಗೂ ಫಲ ಕೊಡುತ್ತದೆ ಅನ್ನಲಾರೆ. ಆದರೂ ವಾಕ್ ಚಿಕಿತ್ಸಕರೊಬ್ಬರಿಗೆ ಯಜಮಾನರನ್ನು ತೋರಿಸಿ, ಹಾಡಿದ ಸಂಗತಿಯನ್ನು ತಪ್ಪದೆ ಹೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ. ದೂರವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಾಗೆಯೇ, ಮಾತು ಹೋಯಿತೆಂದರೆ ತಿಳಿವಳಿಕೆಯೂ ಹೋಯಿತೆಂದಲ್ಲ. ಮಂಚದ ಪಕ್ಕದಲ್ಲೇ ನಿಂತು ‘ಇವರು ಇನ್ನ ಹಿಂಗ ಏನವ್ವಾ?’ ಎಂದು ಕೇಳುವ ನೆಂಟರನ್ನು ಪಡಸಾಲೆಗೆ ಕರೆದುಕೊಂಡು ಹೋಗಿ.

ಈಗ ಸಂತೋಷದ ಮಾತು. ನಿಮಗೆ ಬುದ್ಧಿ ಹೇಳಿದವರ ಮನಸ್ಸಿನಲ್ಲಿರುವುದು ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರ ಇರಬೇಕು. ನಾನೂ ಒಂದು ಕಾಲದಲ್ಲಿ ರೋಗಿಗಳ ಮನೆಗೆ ಹೋಗಿ ಅದರದೇ ಒಂದು ವಾಕ್ಯ ಓದಿ, ಚಹಾ ಕುಡಿದು, ಎದ್ದು ಬಂದವಳೇ. ನಾಲ್ಕೇ ಅಧ್ಯಾಯದ ಆ ಪತ್ರವನ್ನು ಒಂದೇ ಸಲಕ್ಕೆ ಕೂತು ಮೊದಲಿನಿಂದ ಕೊನೆಯತನಕ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದಾಗ ನಾಚಿಕೆಯಾಯಿತು.

ಸಂತೋಷ ಎಂಬ ಮಾತು ಅದರಲ್ಲಿ ಹತ್ತು ಹನ್ನೆರಡು ಸಲಕ್ಕೂ ಹೆಚ್ಚು ಬರುತ್ತದೆ, ನಿಜ. ಬರೆಯುವಾಗ ಪೌಲ ಸೆರೆಮನೆಯಲ್ಲಿದ್ದ. ಉಳಿಯುತ್ತೇನೋ ಸಾಯುತ್ತೇನೋ ಅವನಿಗೇ ಗೊತ್ತಿರಲಿಲ್ಲ. ಮೂರನೇ ಅಧ್ಯಾಯದಲ್ಲಿ, ಅಳುತ್ತಲೇ ಇದನ್ನು ಹೇಳುತ್ತಿದ್ದೇನೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಎರಡನೆಯದರಲ್ಲಿ ಎಪಫ್ರೊದೀತನ ಕಥೆ ಇದೆ. ಫಿಲಿಪ್ಪಿಯವರು ಕೊಟ್ಟ ನೆರವು ಹೊತ್ತು ಬಂದವನು ಇವನು. ಬಂದವನೇ ಕಾಯಿಲೆ ಬಿದ್ದು ಸಾವಿನ ಬಾಗಿಲು ತಟ್ಟಿದ. ಇವನೇನಾದರೂ ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುವ ಅರ್ಥದಲ್ಲಿ ಪೌಲ ಬರೆಯುತ್ತಾನೆ. ಗೆಳೆಯನ ಕಾಯಿಲೆಗೆ ಇಷ್ಟು ಹೆದರಿದ ಮನುಷ್ಯನನ್ನು ವಿಶ್ವಾಸ ಕಡಿಮೆ ಅನ್ನೋಣವೇ? ಆ ಸಂತೋಷವೂ ಈ ಹೆದರಿಕೆಯೂ ಒಂದೇ ಕೈಬರಹದಲ್ಲಿವೆ. ಗೆಳೆಯ ಲಾಜರನ ಸಾವಿಗೆ ಯೇಸು ಅತ್ತದ್ದೂ ನಿಮಗೆ ಗೊತ್ತೇ ಇದೆ.

ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಜಾರಿಹೋಗುವ ಸಂಗತಿ ಇನ್ನೊಂದಿದೆ. ಆ ಪತ್ರ ಬಹುಮಟ್ಟಿಗೆ ಒಂದು ಕೃತಜ್ಞತೆಯ ಪತ್ರ. ಸಹಾಯ ಕಳಿಸಿದಿರಿ, ನನ್ನ ಸಂಕಟದಲ್ಲಿ ಪಾಲು ತೆಗೆದುಕೊಂಡಿರಿ, ಒಳ್ಳೆಯದು ಮಾಡಿದಿರಿ ಎಂದು ಕೊನೆಯ ಅಧ್ಯಾಯದಲ್ಲಿ ನೆನೆಯುತ್ತಾನೆ. ಫಿಲಿಪ್ಪಿ ಊರಿನ ಸಭೆಯ ಮೊದಲಿಗಳು ಲುದ್ಯ, ಬೆಲೆಬಾಳುವ ಕೆನ್ನೀಲಿ ಬಟ್ಟೆ ಮಾರುವ ಹೆಂಗಸು. ನಿಮ್ಮಂತೆ ಬಟ್ಟೆಯ ಕಸುಬಿನವಳು! ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಕೋಲಿನಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಕೂಡಿಹಾಕಿದ್ದು ಅದೇ ಊರಿನಲ್ಲಿ. ನಡುರಾತ್ರಿ ಅವರು ಹಾಡಿದ್ದನ್ನು ನಾವು ಹೇಳುತ್ತಲೇ ಇರುತ್ತೇವೆ. ಸೆರೆಯ ಅಧಿಕಾರಿ ಆಮೇಲೆ ಗಾಯ ತೊಳೆದು, ಮನೆಗೆ ಕರೆದೊಯ್ದು, ಊಟ ಬಡಿಸಿದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಅವರ ಸಂತೋಷಕ್ಕೆ ಗಾಯ ತೊಳೆಯುವ ಕೈಗಳಿದ್ದವು. ನಿಮ್ಮ ಮನೆಗೆ ವಾಕ್ಯ ಬಂದಿದೆ, ಕೈ ಬಂದಿಲ್ಲ. ತಪ್ಪು ನಿಮ್ಮ ವಿಶ್ವಾಸದಲ್ಲಿಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ‘ಏನಾರ ಬೇಕಂದ್ರ ಹೇಳ್ರಿ’ ಎಂದು ಹೋದವರ ಹೆಸರು ಬರೆದಿಡಿ. ಒಬ್ಬರಿಗೆ ಮಂಗಳವಾರ ಮಧ್ಯಾಹ್ನ ಎರಡು ತಾಸು ಯಜಮಾನರ ಹತ್ತಿರ ಕೂರಲು ಹೇಳಿ. ಆ ಹೊತ್ತಿನಲ್ಲಿ ನೀವು ಹೊಲಿಯಬೇಡಿ, ಮಲಗಿ. ಇನ್ನೊಬ್ಬರಿಗೆ ಭಾನುವಾರದ ರೊಟ್ಟಿ. ಮೋಟರ್ ಸೈಕಲ್ ಇರುವ ಹುಡುಗನೊಬ್ಬನಿಗೆ ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡಿನ ಓಡಾಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕೈಕಾಲಿನದಷ್ಟೇ ಅಲ್ಲ, ಅಫೇಸಿಯಾದಿಂದ ಶಾಶ್ವತವಾಗಿ ಮಾತು ಹೋದದ್ದೂ ಅದರಲ್ಲಿ ಸೇರಿದೆ. ಹೆಚ್ಚಿನ ಸವಲತ್ತುಗಳಿಗೆ ಕನಿಷ್ಠ ಶೇಕಡಾ 40 ವೈಕಲ್ಯ ಎಂದು ಪ್ರಮಾಣಪತ್ರದಲ್ಲಿ ಇರಬೇಕಾಗುತ್ತದೆ. ಸಂಕೋಚ ಬೇಡ. ಕೇಳಿದರೆ ಅರ್ಧದಷ್ಟು ಜನ ನೆಪ ಹೇಳಿಯಾರು, ಉಳಿದರ್ಧ ಸಾಕು.

ಸಾಕ್ಷಿಯ ವಿಷಯಕ್ಕೆ ನನ್ನ ಉತ್ತರ ಚಿಕ್ಕದು: ಮನಸ್ಸಿಲ್ಲದಿದ್ದರೆ ಬೇಡ. ಸಭಾಪಾಲಕರಿಗೆ ‘ಅಯ್ಯನವರೇ, ಈ ವರ್ಷ ನನ್ನಿಂದ ಆಗದು’ ಎಂದರೆ ಆಯಿತು. ಕಷ್ಟ, ಪ್ರಾರ್ಥನೆ, ಬಿಡುಗಡೆ, ಸ್ತೋತ್ರ ಎಂಬ ಮೂರು ನಿಮಿಷದ ಕಥೆ ಎಲ್ಲರ ಬಾಳಿನಲ್ಲೂ ಇರುವುದಿಲ್ಲ. ಹೇಳಲೇಬೇಕು ಅನ್ನಿಸಿದರೆ 88ನೇ ಕೀರ್ತನೆ ಓದಿ ಕುಳಿತುಕೊಳ್ಳಿ. ಅದು ಕತ್ತಲಿನಲ್ಲಿ ಶುರುವಾಗಿ ಕತ್ತಲಿನಲ್ಲೇ ಮುಗಿಯುತ್ತದೆ, ಬೆಳಗಾಗುವುದೇ ಇಲ್ಲ. ಆದರೂ ಅದನ್ನು ಯಾರೂ ಬೈಬಲಿನಿಂದ ಕಿತ್ತುಹಾಕಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿದರು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಆಕೆಗೆ ದೇವರ ಇರವೇ ತಟ್ಟಿರಲಿಲ್ಲ ಎಂದು ಅವುಗಳಲ್ಲಿತ್ತು. ನನಗೋ ಆಕೆ ಮೊದಲ ಸಲ ನಮ್ಮ ಮನೆಯವರಂತೆ ಕಂಡರು.

ನಿದ್ದೆ ಬಾರದ ರಾತ್ರಿಗಳು ವಾರಗಟ್ಟಲೆ ಬೆಳೆದರೆ, ಬದುಕೇ ಬೇಡ ಅನ್ನಿಸಿದರೆ, ಅದನ್ನು ಪ್ರಾರ್ಥನೆಗಷ್ಟೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳಿಗೂ ಈ ನಂಬರು ಗೊತ್ತಿರಲಿ. ನಿಮ್ಮ ಪತ್ರದಲ್ಲಿ ಅವಳು ಪಾತ್ರೆ ತೊಳೆಯುತ್ತ ಹಾಡಿದಳು, ನಕ್ಕಳು ಎಂದಷ್ಟೇ ಇದೆ, ಅತ್ತಳೋ ಇಲ್ಲವೋ ತಿಳಿಯಲಿಲ್ಲ.

ನಗಬಹುದೇ ಎಂದು ಕೇಳಿದಿರಿ. ಹದಿನಾಲ್ಕು ತಿಂಗಳಲ್ಲಿ ನಿಮ್ಮ ಯಜಮಾನರು ಮನೆಗೆ ಕೊಟ್ಟ ಮೊದಲ ಕಾಣಿಕೆ ಅದು ಇರಬಹುದು. ಶ್ರುತಿ ತಪ್ಪಿದ್ದಕ್ಕೆ ಎಲ್ಲರೂ ನಕ್ಕರು ಎಂದು ಅವರಿಗೂ ತಿಳಿದಿರುತ್ತದೆ. ಅವರೂ ನಕ್ಕರೆಂದು ನೀವೇ ಬರೆದಿದ್ದೀರಿ, ಮೂವರೂ ಎಂದು. ಸಂಜೆ ದೀಪ ಹಚ್ಚಿದ ಮೇಲೆ ದಿನಕ್ಕೊಂದು ಹಳೇ ಹಾಡು ಶುರು ಮಾಡಿ, ಎರಡನೇ ಸಾಲಿಗೆ ನಿಲ್ಲಿಸಿ, ಅವರಿಗಾಗಿ ಕಾಯಿರಿ. ಅಂದು ಹಾಡಿದ್ದು ಯಾವ ಹಾಡು ಎಂದು ನೀವು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.