ಮಂಗಟ್ಟೆ ಗೂಡಿನ ಮುಂದೆ ಕ್ಯಾಮೆರಾ: ಕಲ್ಲುಗುಂಡಿಯ ಅನುಭವ

ಮಲಬಾರ್ ಬೂದು ಮಂಗಟ್ಟೆ ಪಶ್ಚಿಮಘಟ್ಟದ ಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ದೊಡ್ಡ ಮಂಗಟ್ಟೆಯ ಅರ್ಧದಷ್ಟೇ ಗಾತ್ರ. ಕೊಕ್ಕಿನ ಮೇಲೆ ಅದಕ್ಕಿರುವ ಉಬ್ಬು ಇದಕ್ಕಿಲ್ಲ. ಕಣ್ಣಿಗೆ ಬೀಳುವ ಮೊದಲು ಗಹಗಹಿಸಿ ನಕ್ಕಂಥ ಕೂಗು ಕಿವಿಗೆ ಬೀಳುತ್ತದೆ. ಮಾಣಿ–ಮೈಸೂರು ಹೆದ್ದಾರಿಯಲ್ಲಿ ಅರಂತೋಡು ದಾಟಿದ ಮೇಲೆ ಸಿಗುವ ಕಲ್ಲುಗುಂಡಿಯ ಸುತ್ತ ಅದಕ್ಕೆ ಬೇಕಾದದ್ದೆಲ್ಲ ಇದೆ: ಪಯಸ್ವಿನಿ ಹೊಳೆ, ಗುಡ್ಡದ ಮೇಲೆ ಕಾಡು, ಅಡಿಕೆ ತೋಟದ ತಲೆಯಲ್ಲಿ ಸೊಪ್ಪಿಗೆಂದು ಉಳಿಸಿಕೊಂಡ ಕುಮ್ಕಿ, ಅಲ್ಲಿ ಗೋಳಿ, ಹೆಬ್ಬಲಸು, ಧೂಪ, ರಾಮಪತ್ರೆ. ರಬ್ಬರ್ ತೋಟದಿಂದ ಮಾತ್ರ ಅದಕ್ಕೆ ಪ್ರಯೋಜನವಿಲ್ಲ. ಅಲ್ಲಿ ತಿನ್ನಲು ಹಣ್ಣಿಲ್ಲ, ಗೂಡಿಗೆ ಪೊಟರೆಯಿಲ್ಲ.

ಮಂಗಟ್ಟೆಗೆ ಮರ ಕೊರೆಯಲು ಬರುವುದಿಲ್ಲ. ಕೊಂಬೆ ಮುರಿದು ಕೊಳೆತ ಜಾಗವನ್ನೋ ಮರಕುಟಿಗ ಕೊರೆದು ಬಿಟ್ಟ ತೂತನ್ನೋ ಅದು ನಂಬಿರುತ್ತದೆ. ಬೇಸಗೆಯ ಆರಂಭದಲ್ಲಿ ಹೆಣ್ಣು ಒಳಹೊಕ್ಕು, ತನ್ನ ಹಿಕ್ಕೆಯನ್ನೇ ಗಾರೆ ಮಾಡಿಕೊಂಡು ಬಾಗಿಲು ಮುಚ್ಚುತ್ತದೆ. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗಿರುವಾಗಲೇ ಅದರ ಹಾರುಗರಿಗಳು ಉದುರಿ ಹೊಸವು ಬರುತ್ತವೆ. ಆ ತಿಂಗಳುಗಳಲ್ಲಿ ಇಡೀ ಸಂಸಾರ ಒಂದು ಗಂಡುಹಕ್ಕಿಯ ಗಳಿಕೆಯ ಮೇಲೆ ನಿಂತಿರುತ್ತದೆ. ಹೊರಗಿರುವ ಆ ಒಂದು ಹಕ್ಕಿ ಹೆದರಿ ದೂರವಾದರೆ ಒಳಗಿನವರಿಗೆ ಅನ್ನವಿಲ್ಲ. ಚಿತ್ರೀಕರಣದ ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದ.

ಗೂಡನ್ನು ಪತ್ತೆಮಾಡಲು ಮರದ ಬುಡ ನೋಡಬೇಕು. ಸೀಳಿನ ನೇರ ಕೆಳಗೆ ಹಿಕ್ಕೆಯ ಗೆರೆ, ಗೋಳಿ ಹಣ್ಣಿನ ಸಿಪ್ಪೆ, ರಾಮಪತ್ರೆಯ ಬೀಜ ಬಿದ್ದಿರುತ್ತವೆ; ಹಳೆಯ ಗೂಡಾದರೆ ಮೊಳೆತ ಸಸಿಗಳೂ ಸಿಗುತ್ತವೆ. ಒಮ್ಮೆ ಬುಡ ನೋಡಿದ ಮೇಲೆ ಮತ್ತೆ ಅಲ್ಲಿಗೆ ಹೋಗುವ ಅಗತ್ಯವಿಲ್ಲ.

ಗಂಡು ನೇರವಾಗಿ ಗೂಡಿಗೆ ಬರುವುದಿಲ್ಲ. ಪಕ್ಕದ ಮರದಲ್ಲಿ ಕೂತು ಸುತ್ತ ನೋಡುತ್ತದೆ. ಕೊಕ್ಕು ಖಾಲಿ ಕಂಡು ಬರಿಗೈಯಲ್ಲಿ ಬಂತೆಂದು ಹೊಸಬರು ಕ್ಯಾಮೆರಾ ನಿಲ್ಲಿಸಿಬಿಡುವುದುಂಟು, ಹಣ್ಣಿರುವುದು ಗಂಟಲಲ್ಲಿ. ತೊಗಟೆಗೆ ಉಗುರು ಊರಿ ಕತ್ತು ಕೊಡವಿದಾಗ ಒಂದು ಹಣ್ಣು ಕೊಕ್ಕಿನ ತುದಿಗೆ ಬರುತ್ತದೆ, ಸೀಳಿನಿಂದ ಇನ್ನೊಂದು ಕೊಕ್ಕು ಅದನ್ನು ಸೆಳೆದುಕೊಳ್ಳುತ್ತದೆ, ಮತ್ತೆ ಕತ್ತು ಕೊಡವಿದರೆ ಮತ್ತೊಂದು. ಮರಿಯೊಡೆದ ಮೇಲೆ ಓತಿ, ಮಿಡತೆಗಳೂ ಬರುತ್ತವೆ. ಊಟದ ಈ ಬದಲಾವಣೆಯಿಂದಲೇ ಒಳಗೆ ಮರಿಯಿದೆಯೆಂದು ಊಹಿಸಬಹುದು. ಪೊಟರೆಗೆ ಇಣುಕುವುದು ಬೇಡ.

ದೂರ ಎಷ್ಟಿರಬೇಕೆಂಬುದಕ್ಕೆ ಮೀಟರ್ ಲೆಕ್ಕಕ್ಕಿಂತ ಗಂಡುಹಕ್ಕಿಯ ನಡತೆಯೇ ಒಳ್ಳೆಯ ಅಳತೆ. ಪಕ್ಕದ ಮರದಲ್ಲಿ ಬಹಳ ಹೊತ್ತು ಕೂತರೆ, ಬಂದ ದಾರಿಯಲ್ಲೇ ಹಿಂದಿರುಗಿದರೆ, ನೋಡುವವನು ಹತ್ತಿರ ಬಂದಿದ್ದಾನೆ ಎಂದೇ ಅರ್ಥ. ಆಗ ಮಾಡಬೇಕಾದದ್ದು ಒಂದೇ, ಅದು ಹೋದ ಮೇಲೆ ಸದ್ದಿಲ್ಲದೆ ಜಾಗ ಬಿಡುವುದು. ಉದ್ದದ ಲೆನ್ಸ್, ಮುಕ್ಕಾಲಿ, ಅಡಿಕೆ ಸೋಗೆಯ ಮರೆ ಇಷ್ಟಿದ್ದರೆ ಸಾಕು. ಮರೆ ಕಟ್ಟುವುದು ಗಂಡು ಇಲ್ಲದ ಹೊತ್ತಿನಲ್ಲಿ, ಅದೂ ಬೇಗ ಮುಗಿಯಬೇಕು. ಫ್ಲ್ಯಾಶ್, ಡ್ರೋನ್, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ಮೂರೂ ಕೂಡದು. ಚೌಕಟ್ಟಿಗೆ ಅಡ್ಡ ಬಂದ ಕೊಂಬೆ ಕಡಿಯುವವರಿದ್ದಾರೆ. ಆ ಕೊಂಬೆಯೇ ಗೂಡನ್ನು ಬಿಸಿಲಿಂದಲೂ ಶತ್ರುಗಳ ಕಣ್ಣಿಂದಲೂ ಮರೆಮಾಡುತ್ತಿರುತ್ತದೆ. ಶಬ್ದ ಹಿಡಿಯುವುದು ಇಲ್ಲಿ ಇನ್ನೊಂದು ಕಷ್ಟ. ಘಾಟಿ ಏರುವ ಲಾರಿಗಳ ಗುರುಗುಟ್ಟು ಹೊಳೆ ದಾಟಿ ಬಂದು ಪ್ರತಿ ರೆಕಾರ್ಡಿಂಗಿನಲ್ಲೂ ಸೇರಿಕೊಳ್ಳುತ್ತದೆ.

ರಕ್ಷಿತಾರಣ್ಯದೊಳಗೆ ಇಲಾಖೆಯ ಅನುಮತಿ ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ಯ ವ್ಯಾಖ್ಯೆಯೊಳಗೆ ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ, ಕೋವಿ ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಅದು ಒಂದೇ. ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಂದಿನ ಭಾನುವಾರ ಅಲ್ಲಿ ಜಾತ್ರೆಯೇ ನೆರೆಯುತ್ತದೆ.

ಒಳ್ಳೆಯ ಪೊಟರೆ ಸಿಕ್ಕರೆ ಮಂಗಟ್ಟೆ ವರ್ಷ ವರ್ಷವೂ ಅದಕ್ಕೇ ಮರಳುವುದುಂಟು. ಆದ್ದರಿಂದ ಕುಮ್ಕಿಯಲ್ಲಿ ಹಳೆಯ ಮರ ಇಟ್ಟುಕೊಂಡವರಲ್ಲಿ ಒಂದು ಕೋರಿಕೆ: ತುದಿ ಒಣಗಿತು, ಒಳಗೆ ಟೊಳ್ಳಾಯಿತು ಎಂಬ ಕಾರಣಕ್ಕೆ ಅದನ್ನು ಕಡಿಸಬೇಡಿ.